ಹಳ್ಳಿಯ ಹಾಡಿಗೆ ಕಿವಿಗೊಟ್ಟ ಸಂಗೀತಗಾರ: ಬೇಲಾ ಬಾರ್ಟೋಕ್

1904ರ ಬೇಸಿಗೆಯ ಮಾತು. ಆಗಿನ ಹಂಗೇರಿ ದೇಶದ ಉತ್ತರ ಭಾಗದ ಒಂದು ಸಣ್ಣ ಹಳ್ಳಿಯಲ್ಲಿ ಇಪ್ಪತ್ಮೂರು ವರ್ಷದ ತರುಣನೊಬ್ಬ ಪಿಯಾನೋ ಅಭ್ಯಾಸಕ್ಕೆಂದು ಬಂದು ತಂಗಿದ್ದ. ಪಟ್ಟಣದ ಗದ್ದಲದಿಂದ ದೂರವಿದ್ದು, ಹೊಸ ಕೃತಿಗಳನ್ನು ರಚಿಸಬೇಕೆಂಬುದು ಅವನ ಉದ್ದೇಶ. ಒಂದು ದಿನ ಅದೇ ಮನೆಯಲ್ಲಿ ಮಗುವನ್ನು ನೋಡಿಕೊಳ್ಳಲು ಬಂದಿದ್ದ ಕೆಲಸದ ಹುಡುಗಿಯೊಬ್ಬಳು ಹಾಡುವುದು ಅವನ ಕಿವಿಗೆ ಬಿತ್ತು. ಕೆಸರಿಗೆ ಬಿದ್ದ ಕೆಂಪು ಸೇಬಿನ ಕುರಿತಾದ ಒಂದು ಸರಳ ಹಾಡು ಅದು. ತರುಣ ಪಿಯಾನೋ ನಿಲ್ಲಿಸಿ ಕೇಳಿದ. ಸಂಗೀತ ಅಕಾಡೆಮಿಯಲ್ಲಿ ನಾಲ್ಕು ವರ್ಷ ಕಲಿತಿದ್ದರೂ ಅಂಥ ರಾಗವನ್ನು ಅವನು ಎಂದೂ ಕೇಳಿರಲಿಲ್ಲ. ಹುಡುಗಿಯ ಬಳಿಗೆ ಹೋಗಿ ಇನ್ನೊಮ್ಮೆ ಹಾಡಲು ಕೇಳಿಕೊಂಡು, ಸ್ವರಗಳನ್ನು ಕಾಗದದ ಮೇಲೆ ಬರೆದುಕೊಂಡ. ಊರಿನ ಹಳೆಯ ಹಾಡು ಬೇರೆ ಯಾವುದಾದರೂ ಬರುತ್ತದೆಯೇ ಎಂದು ವಿಚಾರಿಸಿದ.

ಆ ತರುಣನೇ ಇಪ್ಪತ್ತನೆಯ ಶತಮಾನದ ಮಹಾನ್ ಸಂಗೀತ ಸಂಯೋಜಕರಲ್ಲಿ ಒಬ್ಬರಾದ ಬೇಲಾ ಬಾರ್ಟೋಕ್. ಟ್ರಾನ್ಸಿಲ್ವೇನಿಯಾ ಪ್ರಾಂತ್ಯದಿಂದ ಬಂದಿದ್ದ ಆ ಹುಡುಗಿಯ ಹೆಸರು ಲಿಡಿ ದೋಶಾ. ಅವಳಿಗೆ ಸ್ವರಲಿಪಿ ಗೊತ್ತಿರಲಿಲ್ಲ. ಆದರೆ ಅಂದು ಗುರುವಿನ ಸ್ಥಾನದಲ್ಲಿದ್ದವಳು ಅವಳೇ.

ಬಾರ್ಟೋಕ್ ಹುಟ್ಟಿದ್ದು 1881ರ ಮಾರ್ಚ್ 25ರಂದು, ಇಂದು ರೊಮೇನಿಯಾ ದೇಶಕ್ಕೆ ಸೇರಿರುವ ಒಂದು ಸಣ್ಣ ಪಟ್ಟಣದಲ್ಲಿ. ತಂದೆ ಅಲ್ಲಿನ ಕೃಷಿ ಶಾಲೆಯ ಮುಖ್ಯಸ್ಥರು, ತಾಯಿ ಶಿಕ್ಷಕಿ. ಶೈಶವದಲ್ಲಿ ಸಿಡುಬಿನ ಲಸಿಕೆ ಹಾಕಿಸಿದ ನಂತರ ಮೈತುಂಬ ಚರ್ಮರೋಗ ಕಾಣಿಸಿಕೊಂಡು ಐದು ವರ್ಷದವರೆಗೂ ಕಾಡಿತು. ಇತರ ಮಕ್ಕಳೊಂದಿಗೆ ಆಡಲಾಗದ ಆ ಮಗುವಿಗೆ ಸಂಗೀತವೇ ಜೊತೆಗಾರ. ನಾಲ್ಕನೆಯ ವಯಸ್ಸಿಗೇ ಅವನು ನಲವತ್ತರಷ್ಟು ಹಾಡುಗಳನ್ನು ಪಿಯಾನೋದಲ್ಲಿ ನುಡಿಸುತ್ತಿದ್ದನಂತೆ. ಏಳನೆಯ ವಯಸ್ಸಿಗೆ ತಂದೆ ತೀರಿಕೊಂಡರು. ತಾಯಿ ಪಾಠ ಹೇಳಿಕೊಂಡು, ಊರಿಂದೂರಿಗೆ ವರ್ಗವಾಗುತ್ತ, ಮಗ ಮತ್ತು ಮಗಳನ್ನು ಸಾಕಿದರು. ಮಗನಿಗೆ ಮೊದಲ ಪಿಯಾನೋ ಪಾಠ ಹೇಳಿಕೊಟ್ಟವರೂ ಅವರೇ. ಹನ್ನೊಂದನೆಯ ವಯಸ್ಸಿನಲ್ಲಿ ಬಾಲಕ ಬೇಲಾ ಮೊದಲ ಸಾರ್ವಜನಿಕ ಕಛೇರಿ ನೀಡಿದ. ಡ್ಯಾನ್ಯೂಬ್ ನದಿಯ ಹರಿವನ್ನು ಕುರಿತು ತಾನೇ ರಚಿಸಿದ್ದ ಒಂದು ಕೃತಿಯನ್ನೂ ಅಂದು ನುಡಿಸಿದ.

1899ರಲ್ಲಿ ಬುಡಾಪೆಸ್ಟ್ ನಗರದ ಸಂಗೀತ ಅಕಾಡೆಮಿ ಸೇರಿದ ಬಾರ್ಟೋಕ್ 1903ರಲ್ಲಿ ಶಿಕ್ಷಣ ಮುಗಿಸಿದರು. ಆಗ ಹಂಗೇರಿ ಆಸ್ಟ್ರಿಯಾ ಚಕ್ರವರ್ತಿಯ ಆಳ್ವಿಕೆಗೆ ಒಳಪಟ್ಟಿತ್ತು. ತರುಣರ ಎದೆಯಲ್ಲಿ ದೇಶಾಭಿಮಾನ ಉಕ್ಕುತ್ತಿದ್ದ ಕಾಲವದು. ಬಾರ್ಟೋಕ್ ಕೂಡ ರಾಷ್ಟ್ರೀಯ ಉಡುಪು ತೊಟ್ಟು ತಿರುಗಿದರು. ಮನೆಯಲ್ಲಿ ಜರ್ಮನ್ ಮಾತನಾಡಬಾರದೆಂದು ತಾಯಿ ಮತ್ತು ತಂಗಿಯನ್ನು ಒತ್ತಾಯಿಸಿದರು. 1848ರ ಸ್ವಾತಂತ್ರ್ಯ ಹೋರಾಟದ ನಾಯಕ ಕೊಶುತ್ ಅವರ ಹೆಸರಿನಲ್ಲಿ ದೊಡ್ಡದೊಂದು ವಾದ್ಯವೃಂದ ಕೃತಿ ರಚಿಸಿ, ಅದರಲ್ಲಿ ಆಸ್ಟ್ರಿಯಾದ ರಾಷ್ಟ್ರಗೀತೆಯ ಧಾಟಿಯನ್ನು ವಕ್ರಗೊಳಿಸಿ ಅಣಕಿಸಿದರು. 1904ರ ಜನವರಿಯಲ್ಲಿ ಅದು ಬುಡಾಪೆಸ್ಟ್‌ನಲ್ಲಿ ಪ್ರದರ್ಶನಗೊಂಡಾಗ ಊರೆಲ್ಲ ಅವರದೇ ಮಾತಾಯಿತು.

ಆದರೆ ಒಂದು ವಿಚಿತ್ರವಿತ್ತು. ಹೆಸರು ಹಂಗೇರಿಯದಾದರೂ ಆ ಕೃತಿಯ ಶೈಲಿ ಜರ್ಮನಿಯ ರಿಚರ್ಡ್ ಸ್ಟ್ರೌಸ್ ಅವರಿಂದ ಕಲಿತದ್ದು. ಹಾಗಾದರೆ ನಿಜವಾದ ಹಂಗೇರಿಯ ಸಂಗೀತ ಯಾವುದು? ನಗರದ ಹೋಟೆಲುಗಳಲ್ಲಿ ರೋಮಾ ವಾದ್ಯಗಾರರು ನುಡಿಸುತ್ತಿದ್ದ ಹಾಡುಗಳನ್ನೇ ಎಲ್ಲರೂ ಹಂಗೇರಿಯ ಜನಪದ ಸಂಗೀತವೆಂದು ನಂಬಿದ್ದರು. ಫ್ರಾನ್ಸ್ ಲಿಸ್ಟ್ ಅವರಂಥ ಮಹಾನ್ ಸಂಗೀತಗಾರರೂ ಹಾಗೆಯೇ ತಿಳಿದಿದ್ದರು. ವಾಸ್ತವದಲ್ಲಿ ಅವುಗಳಲ್ಲಿ ಹೆಚ್ಚಿನವು ಹತ್ತೊಂಬತ್ತನೆಯ ಶತಮಾನದಲ್ಲಿ ವಿದ್ಯಾವಂತರು ಬರೆದ ಹಾಡುಗಳು. ಹೊಲದಲ್ಲಿ ದುಡಿಯುವ ರೈತನ ಹಾಡು ಬೇರೆಯೇ ಇತ್ತು. ಅದನ್ನು ಕೇಳುವ ವ್ಯವಧಾನ ಪಟ್ಟಣದವರಿಗೆ ಇರಲಿಲ್ಲ.

1905ರಲ್ಲಿ ಬಾರ್ಟೋಕ್ ಅವರಿಗೆ ಝೋಲ್ತಾನ್ ಕೊದಾಯ್ ಪರಿಚಯವಾದರು. ಕೊದಾಯ್ ಆಗಲೇ ಹಳ್ಳಿಗಳಲ್ಲಿ ಹಾಡು ಸಂಗ್ರಹಿಸಲು ಆರಂಭಿಸಿದ್ದರು. ಶಾಸ್ತ್ರೀಯವಾಗಿ ಸಂಗ್ರಹಿಸುವ ವಿಧಾನವನ್ನು ಬಾರ್ಟೋಕ್ ಅವರಿಂದ ಕಲಿತರು. ಅಂದಿನಿಂದ ಜೀವನಪೂರ್ತಿ ಅವರಿಬ್ಬರೂ ಸ್ನೇಹಿತರು. 1906ರಲ್ಲಿ ಇಬ್ಬರೂ ಸೇರಿ ಇಪ್ಪತ್ತು ಹಳ್ಳಿ ಹಾಡುಗಳಿಗೆ ಪಿಯಾನೋ ಸಾಥ್ ಬರೆದು ಪುಸ್ತಕವಾಗಿ ಪ್ರಕಟಿಸಿದರು. ಕೊಳ್ಳುವವರು ಮಾತ್ರ ಸಿಗಲಿಲ್ಲ. ಪ್ರತಿಗಳು ವರ್ಷಗಟ್ಟಲೆ ಹಾಗೆಯೇ ಉಳಿದವು. ರೈತರ ಹಾಡಿಗೆ ಪಟ್ಟಣದಲ್ಲಿ ಬೆಲೆ ಇರಲಿಲ್ಲ.

ಆದರೂ ಬಾರ್ಟೋಕ್ ಎದೆಗುಂದಲಿಲ್ಲ. ಎಡಿಸನ್ ಕಂಡುಹಿಡಿದಿದ್ದ ಫೋನೋಗ್ರಾಫ್ ಯಂತ್ರವನ್ನು ಹೊತ್ತು ಹಳ್ಳಿ ಹಳ್ಳಿ ತಿರುಗಿದರು. ಒಂದೊಂದು ಮೇಣದ ಉರುಳೆಯಲ್ಲಿ ಕೆಲವೇ ನಿಮಿಷದ ಹಾಡು ಹಿಡಿಸುತ್ತಿತ್ತು. ರಸ್ತೆಗಳು ಹದಗೆಟ್ಟಿದ್ದವು. ರೈತರ ಮನೆಗಳಲ್ಲೇ ಊಟ, ಅಲ್ಲಿಯೇ ನಿದ್ದೆ. ಪಟ್ಟಣದ ಅಪರಿಚಿತ ಬಂದು ಹಾಡು ಹೇಳಿ ಎಂದರೆ ಯಾರಿಗೆ ತಾನೆ ಸಂಶಯ ಬಾರದು? ಹೆಂಗಸರು ನಾಚುತ್ತಿದ್ದರು. ಹಳೆಯ ಹಾಡು ಕೇಳಿದರೆ ಪಟ್ಟಣದಿಂದ ಬಂದ ಹೊಸ ಹಾಡು ಹಾಡುತ್ತಿದ್ದರು, ಇಲ್ಲವೇ ಚರ್ಚಿನ ಪ್ರಾರ್ಥನಾ ಗೀತೆ. ಬಾರ್ಟೋಕ್ ಸ್ವಭಾವತಃ ಮಿತಭಾಷಿ, ಸಂಕೋಚದವರು. ಆದರೂ ತಾಳ್ಮೆಯಿಂದ ಕಾದು, ಮತ್ತೆ ಮತ್ತೆ ಕೇಳಿ, ಒಂದೊಂದೇ ಹಾಡು ಪಡೆದರು. ರೈತರ ನಡುವೆ ಕಳೆದ ಆ ದಿನಗಳೇ ತಮ್ಮ ಬಾಳಿನ ಅತ್ಯಂತ ಸಂತೋಷದ ದಿನಗಳೆಂದು ಅವರು ಮುಂದೆ ನೆನೆಯುತ್ತಿದ್ದರು.

1907ರಲ್ಲಿ ಟ್ರಾನ್ಸಿಲ್ವೇನಿಯಾದ ಹಳ್ಳಿಗಳಲ್ಲಿ ಅವರಿಗೆ ದೊಡ್ಡ ನಿಧಿ ಸಿಕ್ಕಿತು. ಅಲ್ಲಿನ ಹಳೆಯ ಹಾಡುಗಳು ಏಳು ಸ್ವರಗಳ ಬದಲು ಐದೇ ಸ್ವರಗಳ ಮೇಲೆ ನಿಂತಿದ್ದವು. ನಮ್ಮ ಶುದ್ಧ ಧನ್ಯಾಸಿ ರಾಗದ ಐದು ಸ್ವರಗಳನ್ನು ಬಲ್ಲವರಿಗೆ ಆ ಹಾಡುಗಳ ಸ್ವರಮಾಲೆ ಪರಿಚಿತವೆನಿಸುತ್ತದೆ. ಧಾಟಿ ಮೇಲಿನಿಂದ ಆರಂಭವಾಗಿ ಮೆಟ್ಟಿಲಿಳಿದಂತೆ ಕೆಳಗಿಳಿಯುತ್ತಿತ್ತು. ಜರ್ಮನ್ ಸಂಗೀತದ ಯಾವ ನಿಯಮಕ್ಕೂ ಅದು ಒಳಪಟ್ಟಿರಲಿಲ್ಲ. ಅದೇ ವರ್ಷ ಅವರು ಬುಡಾಪೆಸ್ಟ್ ಅಕಾಡೆಮಿಯಲ್ಲಿ ಪಿಯಾನೋ ಪ್ರಾಧ್ಯಾಪಕರಾದರು. ರಜೆ ಸಿಕ್ಕಾಗಲೆಲ್ಲ ಹಳ್ಳಿಯೇ ಅವರ ಪಾಠಶಾಲೆ.

ಹಂಗೇರಿಯ ಹಾಡು ಹುಡುಕಲು ಹೊರಟವರು ಅಲ್ಲಿಗೇ ನಿಲ್ಲಲಿಲ್ಲ ಎಂಬುದು ಅವರ ಜೀವನದ ಮುಖ್ಯ ತಿರುವು. ಒಂದು ಹಾಡು ನಿಜವಾಗಿ ನಮ್ಮದೋ ಅಲ್ಲವೋ ಎಂದು ತಿಳಿಯಬೇಕಾದರೆ ನೆರೆಮನೆಯ ಹಾಡೂ ಗೊತ್ತಿರಬೇಕಲ್ಲವೇ? ಹೀಗೆ 1906ರಿಂದಲೇ ಸ್ಲೋವಾಕ್ ಹಾಡುಗಳನ್ನು, ಕೆಲವು ವರ್ಷಗಳಲ್ಲಿ ರೊಮೇನಿಯನ್ ಹಾಡುಗಳನ್ನು ಸಂಗ್ರಹಿಸತೊಡಗಿದರು. ಅದಕ್ಕಾಗಿ ಆ ಭಾಷೆಗಳನ್ನೂ ಕಲಿತರು. ರೊಮೇನಿಯನ್ ಧಾಟಿಗಳೇ ಮೂರು ಸಾವಿರಕ್ಕೂ ಮೀರಿದವು. ಒಂದು ಕಾಲಕ್ಕೆ ಮನೆಯಲ್ಲಿ ಪರಭಾಷೆ ಬೇಡವೆಂದಿದ್ದ ಅದೇ ತರುಣ ಈಗ ನೆರೆಯವರ ಭಾಷೆಯ ವಿದ್ಯಾರ್ಥಿಯಾಗಿದ್ದ.

1913ರ ಜೂನ್ ತಿಂಗಳಲ್ಲಿ ಅವರು ಮತ್ತೂ ದೂರ ಹೋದರು. ಪತ್ನಿ ಮಾರ್ತಾ ಅವರೊಂದಿಗೆ ಸಮುದ್ರ ದಾಟಿ ಅಲ್ಜೀರಿಯಾದ ಬಿಸ್ಕ್ರಾ ಎಂಬ ಮರುಭೂಮಿಯ ಅಂಚಿನ ಊರಿಗೆ ಬಂದರು. ಸುತ್ತಲಿನ ಅರಬ್ ಹಳ್ಳಿಗರ ಹಾಡು, ವಾದ್ಯ, ಕುಣಿತದ ಸಂಗೀತವನ್ನು ಫೋನೋಗ್ರಾಫ್‌ನಲ್ಲಿ ಹಿಡಿದರು. ಸುಡುಬಿಸಿಲಿಗೆ ಆರೋಗ್ಯ ಕೆಟ್ಟು, ಯೋಜಿಸಿದ್ದಕ್ಕಿಂತ ಮುಂಚೆಯೇ ಹಿಂದಿರುಗಬೇಕಾಯಿತು. ಆದರೆ ಕಿವಿಯಲ್ಲಿ ಆ ಸಂಗೀತ ಉಳಿಯಿತು. ಒತ್ತೊತ್ತಾದ ಕೆಲವೇ ಸ್ವರಗಳ ನಡುವೆ ಸುತ್ತುವ ಧಾಟಿ, ಎಡೆಬಿಡದ ಚರ್ಮವಾದ್ಯದ ಬಡಿತ. 1916ರಲ್ಲಿ ಬರೆದ ಪಿಯಾನೋ ಸೂಟ್‌ನ ಮೂರನೆಯ ಭಾಗದಲ್ಲಿ, 1917ರಲ್ಲಿ ಮುಗಿಸಿದ ಎರಡನೆಯ ತಂತಿವಾದ್ಯ ಚತುಷ್ಟಯದ ನಡುವಿನ ಭಾಗದಲ್ಲಿ ಬಿಸ್ಕ್ರಾದ ಆ ಬಡಿತ ಇಂದಿಗೂ ಕೇಳುತ್ತದೆ. ಬಿಸ್ಕ್ರಾ ಪ್ರದೇಶದ ಅರಬ್ ಜನಪದ ಸಂಗೀತವನ್ನು ಕುರಿತು ಅವರು ಪ್ರಬಂಧವನ್ನೂ ಪ್ರಕಟಿಸಿದರು. 1932ರಲ್ಲಿ ಈಜಿಪ್ಟಿನ ಕೈರೋ ನಗರದಲ್ಲಿ ಅರಬ್ ಸಂಗೀತದ ಮಹಾಸಮ್ಮೇಳನ ನಡೆದಾಗ ಆಹ್ವಾನಿತರಲ್ಲಿ ಬಾರ್ಟೋಕ್ ಕೂಡ ಇದ್ದರು.

ಹಳ್ಳಿಯ ಹಾಡು ಶಾಸ್ತ್ರೀಯ ಸಂಗೀತದೊಳಗೆ ಬರುವುದಾದರೂ ಹೇಗೆ? ಇದಕ್ಕೆ ಬಾರ್ಟೋಕ್ ಮೂರು ದಾರಿಗಳನ್ನು ಗುರುತಿಸಿದ್ದರು. ಮೊದಲನೆಯದು, ಜನಪದ ಧಾಟಿಯನ್ನು ಹಾಗೆಯೇ ಇಟ್ಟುಕೊಂಡು ಅದಕ್ಕೆ ಸಾಥ್ ಒದಗಿಸುವುದು. 1915ರ 'ರೊಮೇನಿಯನ್ ಜನಪದ ಕುಣಿತಗಳು' ಮತ್ತು ಪುಟಾಣಿ ಕಲಿಕೆಗಾರರಿಗಾಗಿ ಬರೆದ 'ಮಕ್ಕಳಿಗಾಗಿ' ಇದಕ್ಕೆ ಉದಾಹರಣೆ. ಎರಡನೆಯದು, ಜನಪದ ಧಾಟಿಯನ್ನು ಹೋಲುವ ಧಾಟಿಯನ್ನು ತಾನೇ ಸೃಷ್ಟಿಸುವುದು. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಅಲ್ಲಿ ಹಳ್ಳಿಯ ಧಾಟಿಯೂ ಇಲ್ಲ, ಅದರ ಅನುಕರಣೆಯೂ ಇಲ್ಲ. ಆದರೆ ಇಡೀ ಕೃತಿಯ ಉಸಿರಾಟವೇ ಹಳ್ಳಿಯದು. ಕವಿಗೆ ಮಾತೃಭಾಷೆ ಇದ್ದಂತೆ ಸಂಯೋಜಕನಿಗೆ ಆ ಸಂಗೀತ ಸಹಜವಾಗಿ ಒದಗಬೇಕು.

ನಾವು ಭಾಷೆ ಕಲಿಯುವ ಬಗೆಯೂ ಇದೇ ಅಲ್ಲವೇ? ಮೊದಲು ಬೇರೆಯವರ ವಾಕ್ಯವನ್ನು ಒಪ್ಪಿಸುತ್ತೇವೆ. ಆಮೇಲೆ ಅಂಥದ್ದೇ ವಾಕ್ಯ ಕಟ್ಟುತ್ತೇವೆ. ಕೊನೆಗೆ ಆ ಭಾಷೆಯಲ್ಲೇ ಯೋಚಿಸತೊಡಗುತ್ತೇವೆ. ಬಾರ್ಟೋಕ್ ಮೂರನೆಯ ಮೆಟ್ಟಿಲನ್ನು ಮುಟ್ಟಿದರು. 1911ರಲ್ಲಿ ರಚಿಸಿದ ಅವರ ಏಕೈಕ ಸಂಗೀತ ನಾಟಕ 'ಬ್ಲೂಬಿಯರ್ಡ್‌ನ ಕೋಟೆ'ಯಲ್ಲಿ ಪಾತ್ರಗಳು ಹಾಡುವ ರೀತಿ ಹಂಗೇರಿ ಭಾಷೆಯ ಮಾತಿನ ಲಯವನ್ನೇ ಅನುಸರಿಸುತ್ತದೆ. ಅಂದಿನ ತೀರ್ಪುಗಾರರು ಸ್ಪರ್ಧೆಯಲ್ಲಿ ಅದನ್ನು ತಿರಸ್ಕರಿಸಿದರು. ರಂಗಕ್ಕೆ ಬರಲು ಅದು 1918ರವರೆಗೆ ಕಾಯಬೇಕಾಯಿತು. ಪಿಯಾನೋ ಕಲಿಯುವವರಿಗಾಗಿ ಅವರು ಬರೆದ 'ಮಿಕ್ರೋಕಾಸ್ಮೋಸ್' ಆರು ಸಂಪುಟಗಳಲ್ಲಿ 153 ಪಾಠಗಳಿರುವ ಕೃತಿ. ಬಲ್ಗೇರಿಯಾದ ಹಳ್ಳಿಗರ ಏಳು, ಎಂಟು, ಒಂಬತ್ತು ಎಣಿಕೆಯ ಅಸಮ ತಾಳಗಳಲ್ಲಿ ಬರೆದ ಆರು ಕುಣಿತಗಳೊಂದಿಗೆ ಅದು ಮುಗಿಯುತ್ತದೆ. ಎರಡು ಮತ್ತು ನಾಲ್ಕರ ಎಣಿಕೆಗೆ ಒಗ್ಗಿದ್ದ ಯುರೋಪಿನ ವಿದ್ಯಾರ್ಥಿಗಳಿಗೆ ಅದು ಹೊಸದು. ಏಳು ಎಣಿಕೆಯ ಮಿಶ್ರ ಛಾಪು ಕೇಳಿ ಬೆಳೆದ ನಮಗೆ ಅಷ್ಟು ಹೊಸದಲ್ಲ.

ಈ ನಡುವೆ ಮೊದಲ ಮಹಾಯುದ್ಧ ಮುಗಿದಿತ್ತು. 1920ರ ಒಪ್ಪಂದದಲ್ಲಿ ಹಂಗೇರಿ ತನ್ನ ಸುಮಾರು ಮೂರನೆಯ ಎರಡು ಭಾಗ ನೆಲವನ್ನು ಕಳೆದುಕೊಂಡಿತು. ಬಾರ್ಟೋಕ್ ಹುಟ್ಟಿದ ಊರು ರೊಮೇನಿಯಾಕ್ಕೆ ಸೇರಿತು, ಶಾಲೆ ಕಲಿತ ಊರು ಚೆಕೊಸ್ಲೊವಾಕಿಯಾಕ್ಕೆ ಹೋಯಿತು. ಹಾಡು ಸಂಗ್ರಹಿಸಿದ ಹಳ್ಳಿಗಳಲ್ಲಿ ಹಲವು ಗಡಿಯಾಚೆಗಾದವು. ನೆರೆಹೊರೆಯವರ ನಡುವೆ ದ್ವೇಷ ಹೊಗೆಯಾಡುತ್ತಿತ್ತು. ಅಂಥ ಹೊತ್ತಿನಲ್ಲಿ ರೊಮೇನಿಯನ್ ರೈತರ ಸಂಗೀತದ ಬಗ್ಗೆ ಅವರು ಪ್ರಬಂಧ ಪ್ರಕಟಿಸಿದಾಗ ಹಂಗೇರಿಯ ಪತ್ರಿಕೆಗಳು ಅವರನ್ನು ದೇಶದ್ರೋಹಿಯಂತೆ ಕಂಡವು. ಅತ್ತ ರೊಮೇನಿಯಾದಲ್ಲೂ ಕೆಲವರು ಅವರ ಮೇಲೆ ಸಂಶಯಪಟ್ಟರು. ಎರಡೂ ಕಡೆಯ ಕಲ್ಲು ಒಬ್ಬರ ಮೇಲೇ ಬಿದ್ದವು.

ಇದಕ್ಕೆ ಬಾರ್ಟೋಕ್ ಕೊಟ್ಟ ಉತ್ತರ ಸಂಗೀತವೇ. 1923ರಲ್ಲಿ ಬುಡಾ ಮತ್ತು ಪೆಸ್ಟ್ ನಗರಗಳು ಒಂದಾಗಿ ಐವತ್ತು ವರ್ಷ ತುಂಬಿದ ಸಂಭ್ರಮಕ್ಕೆ ಕೃತಿ ರಚಿಸಿಕೊಡಲು ಅವರನ್ನು ಕೇಳಲಾಯಿತು. ರಾಜಧಾನಿಯ ಹಬ್ಬಕ್ಕೆ ಹಂಗೇರಿಯದನ್ನಷ್ಟೇ ಕೊಡಬಹುದಿತ್ತು. ಅವರು 'ಡಾನ್ಸ್ ಸೂಟ್' ಬರೆದರು. ಅದರಲ್ಲಿ ಹಂಗೇರಿಯ, ರೊಮೇನಿಯನ್ ಹಾಗೂ ಅರಬ್ ಶೈಲಿಯ ಕುಣಿತಗಳು ಒಂದರ ಹಿಂದೊಂದು ಬರುತ್ತವೆ. ಕೊನೆಗೆ ಎಲ್ಲವೂ ಒಂದೇ ಅಂಗಳದಲ್ಲಿ ಸೇರುತ್ತವೆ. 1930ರ 'ಕಂಟಾಟಾ ಪ್ರೊಫಾನಾ' ಎಂಬ ದೊಡ್ಡ ಗಾಯನ ಕೃತಿಗೆ ತಾವೇ ಸಂಗ್ರಹಿಸಿದ್ದ ರೊಮೇನಿಯನ್ ಹಾಡುಗಳ ಕಥೆಯನ್ನು ಆರಿಸಿಕೊಂಡರು. ಬೇಟೆಗೆ ಹೋಗಿ ಜಿಂಕೆಗಳಾಗಿ ಮಾರ್ಪಟ್ಟ ಒಂಬತ್ತು ಗಂಡುಮಕ್ಕಳ ಕಥೆ ಅದು. ಜನಾಂಗಗಳ ನಡುವಿನ ಸಹೋದರತ್ವಕ್ಕೆ ತಮ್ಮ ಸಂಗೀತ ಸೇವೆ ಸಲ್ಲಿಸಬೇಕು, ಮೂಲ ಶುದ್ಧವೂ ತಾಜಾವೂ ಆಗಿದ್ದರೆ ಅದು ಸ್ಲೋವಾಕ್ ಆಗಲಿ ರೊಮೇನಿಯನ್ ಆಗಲಿ ಅರಬ್ ಆಗಲಿ ತಮಗೆ ಬೇಕು ಎಂದು 1931ರ ಒಂದು ಪತ್ರದಲ್ಲಿ ಅವರು ತಿಳಿಸಿದ್ದರು.

1936ರ ನವೆಂಬರ್‌ನಲ್ಲಿ ಅವರು ತುರ್ಕಿ ದೇಶಕ್ಕೆ ಹೋದರು. ಅಂಕಾರಾದಲ್ಲಿ ಉಪನ್ಯಾಸ ಮುಗಿಸಿ, ತುರ್ಕಿಯ ತರುಣ ಸಂಯೋಜಕ ಅಹ್ಮದ್ ಅದ್ನಾನ್ ಸಾಯ್ಗುನ್ ಅವರೊಂದಿಗೆ ದಕ್ಷಿಣದ ಅದಾನಾ ಪ್ರದೇಶದ ಹಳ್ಳಿಗಳಲ್ಲೂ, ಯೂರುಕ್ ಎಂಬ ಅಲೆಮಾರಿ ಕುರುಬರ ನಡುವೆಯೂ ಹಾಡು ಸಂಗ್ರಹಿಸಿದರು. ಪರಗಂಡಸರ ಮುಂದೆ ಹೆಂಗಸರು ಹಾಡುವ ರೂಢಿ ಇಲ್ಲದ್ದರಿಂದ ಹಾಡಿದವರು ಹೆಚ್ಚಾಗಿ ಗಂಡಸರು. ಉಸ್ಮಾನಿಯೆ ಎಂಬ ಊರಿನಲ್ಲಿ ಎಪ್ಪತ್ತು ವರ್ಷದ ಒಬ್ಬ ಹಿರಿಯರು ಹಿಂಜರಿಕೆಯಿಲ್ಲದೆ ಮೊದಲ ಹಾಡು ಎತ್ತಿಕೊಂಡರು. ಬಾರ್ಟೋಕ್ ತಮ್ಮ ಕಿವಿಗಳನ್ನೇ ನಂಬದಾದರು. ಅದು ಹಂಗೇರಿಯ ಹಳೆಯ ಧಾಟಿಯೊಂದರ ಒಡಹುಟ್ಟಿದಂತಿತ್ತು! ಅದೇ ಮೇಲಿನಿಂದ ಕೆಳಗಿಳಿಯುವ ನಡಿಗೆ. ನೂರಾರು ವರ್ಷಗಳ ಹಿಂದೆ ಬೇರೆಯಾಗಿ, ಬೇರೆ ಧರ್ಮ, ಬೇರೆ ಭಾಷೆ, ಬೇರೆ ದೇಶಗಳಲ್ಲಿ ನೆಲೆಸಿದ ಜನರ ಹಳೆಯ ನಂಟನ್ನು ಹಾಡೊಂದು ಕಾಪಾಡಿಕೊಂಡು ಬಂದಿತ್ತು. ಐವತ್ತೈದರ ವಯಸ್ಸಿನಲ್ಲಿ, ಬುಡಾಪೆಸ್ಟ್‌ನಿಂದ ಅಷ್ಟು ದೂರದಲ್ಲಿ, ಹಂಗೇರಿಯ ಹಾಡಿನ ಬಂಧುವೊಂದು ಅವರಿಗೆ ಸಿಕ್ಕಿತು.

ಅಷ್ಟರಲ್ಲಿ ಯುರೋಪಿನ ಮೇಲೆ ಕತ್ತಲು ಕವಿದಿತ್ತು. ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಬಾರ್ಟೋಕ್ ಆ ದೇಶದಲ್ಲಿ ಕಛೇರಿ ನೀಡುವುದನ್ನು ನಿಲ್ಲಿಸಿದರು. 1938ರಲ್ಲಿ ಆಸ್ಟ್ರಿಯಾ ನಾಜಿಗಳ ಕೈಸೇರಿದಾಗ, ಸಂಯೋಜಕರ ಜನಾಂಗದ ಮೂಲ ಕೇಳುವ ಪ್ರಶ್ನಾವಳಿ ಅವರಿಗೂ ಕೊದಾಯ್ ಅವರಿಗೂ ಬಂತು. ತುಂಬಿ ಕಳುಹಿಸಿದ್ದರೆ ಅವರಿಗೆ ತೊಂದರೆಯೇನೂ ಇರಲಿಲ್ಲ. ಆದರೂ ಇಬ್ಬರೂ ನಿರಾಕರಿಸಿದರು. ಬಾರ್ಟೋಕ್ ವಿಯೆನ್ನಾದ ಹಳೆಯ ಪ್ರಕಾಶಕರನ್ನು ಬಿಟ್ಟು ಲಂಡನ್ನಿನ ಪ್ರಕಾಶಕರ ಕಡೆಗೆ ಹೋದರು. 1939ರ ಕೊನೆಯಲ್ಲಿ ತಾಯಿ ತೀರಿಕೊಂಡ ಮೇಲೆ ತಾಯ್ನಾಡಿನ ಕೊನೆಯ ಕಟ್ಟೂ ಸಡಿಲವಾಯಿತು. 1940ರ ಅಕ್ಟೋಬರ್‌ನಲ್ಲಿ ಎರಡನೆಯ ಪತ್ನಿ ದಿತ್ತಾ ಅವರೊಂದಿಗೆ ಅಮೆರಿಕಕ್ಕೆ ಹೊರಟರು. ಹೊರಡುವ ಮುನ್ನ ಬರೆದ ಉಯಿಲಿನಲ್ಲಿ, ಹಂಗೇರಿಯಲ್ಲಿ ಹಿಟ್ಲರ್ ಮತ್ತು ಮುಸೊಲಿನಿ ಹೆಸರಿನ ಬೀದಿ, ಚೌಕಗಳು ಇರುವವರೆಗೆ ತಮ್ಮ ಹೆಸರನ್ನು ಯಾವ ಬೀದಿಗೂ ಇಡಬಾರದೆಂದು ಸೂಚಿಸಿದ್ದರು.

ನ್ಯೂಯಾರ್ಕ್ ಅವರಿಗೆ ಒಗ್ಗಲಿಲ್ಲ. ಕಛೇರಿಗಳು ಕಡಿಮೆ, ಹಣದ ಅಡಚಣೆ, ಜೊತೆಗೆ ಏನೆಂದು ತಿಳಿಯದ ಜ್ವರ. ಆದರೂ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಯುಗೋಸ್ಲಾವಿಯಾದ ಹಳ್ಳಿ ಹಾಡುಗಳ ಧ್ವನಿಮುದ್ರಣಗಳನ್ನು ಕೇಳಿ ಕೇಳಿ ಸ್ವರಲಿಪಿಗೆ ಇಳಿಸಿದರು. ನಾಜಿಗಳು ರಕ್ತದ ಶುದ್ಧತೆಯ ಹೆಸರಿನಲ್ಲಿ ಜನರನ್ನು ಕೊಲ್ಲುತ್ತಿದ್ದ 1942ರಲ್ಲೇ ಅವರು ಒಂದು ಪುಟ್ಟ ಲೇಖನ ಬರೆದರು. ಜನಪದ ಹಾಡುಗಳು ಒಂದು ಜನರಿಂದ ಇನ್ನೊಂದು ಜನರ ಬಳಿಗೆ ಹೋಗಿ, ಬದಲಾಗಿ, ಮರಳಿ ಬಂದದ್ದರಿಂದಲೇ ಶ್ರೀಮಂತವಾಗಿವೆ. ಪರಸ್ಪರ ಬೆರೆಯುವುದು ಸಂಗೀತಕ್ಕೆ ಕೇಡಲ್ಲ, ಲಾಭ. ಇದು ಅದರ ಸಾರಾಂಶ. ಮೂವತ್ತೈದು ವರ್ಷ ಹಳ್ಳಿಗಳಲ್ಲಿ ಕೇಳಿಸಿಕೊಂಡದ್ದರ ಆಧಾರ ಆ ಮಾತಿಗಿತ್ತು.

1943ರ ಆರಂಭಕ್ಕೆ ಅವರ ತೂಕ ನಲವತ್ತು ಕಿಲೋಗಿಂತ ಕೆಳಗಿಳಿದಿತ್ತು. ಆಸ್ಪತ್ರೆಯಲ್ಲಿದ್ದ ಅವರ ಬಳಿಗೆ ಬಾಸ್ಟನ್ ವಾದ್ಯವೃಂದದ ನಿರ್ದೇಶಕ ಕೂಸೆವಿಟ್ಸ್ಕಿ ಬಂದು ಹೊಸ ಕೃತಿಯೊಂದನ್ನು ಬರೆದುಕೊಡಲು ಕೇಳಿದರು. ಆ ಕರೆಯಿಂದ ಬಾರ್ಟೋಕ್‌ಗೆ ಮತ್ತೆ ಚೈತನ್ಯ ಬಂತು. ಎರಡು ತಿಂಗಳೊಳಗೆ 'ವಾದ್ಯವೃಂದಕ್ಕೊಂದು ಕನ್ಚೆರ್ಟೋ' ಸಿದ್ಧವಾಯಿತು. 1944ರ ಡಿಸೆಂಬರ್ 1ರಂದು ಬಾಸ್ಟನ್ನಿನಲ್ಲಿ ಅದು ಮೊದಲ ಬಾರಿಗೆ ನುಡಿದಾಗ ಜನ ಮೆಚ್ಚಿ ಚಪ್ಪಾಳೆ ತಟ್ಟಿದರು. ಇಂದು ಅದು ಅವರ ಅತ್ಯಂತ ಜನಪ್ರಿಯ ಕೃತಿ. ಹಳ್ಳಿಯ ಯಾವ ಹಾಡನ್ನೂ ಅಲ್ಲಿ ಎತ್ತಿಟ್ಟಿಲ್ಲ. ಆದರೆ ಹಳ್ಳಿಯ ಉಸಿರು ಉದ್ದಕ್ಕೂ ಇದೆ. ಅದೇ ಆ ಮೂರನೆಯ ದಾರಿ.

ಪತ್ನಿಯ ಹುಟ್ಟುಹಬ್ಬದ ಕಾಣಿಕೆಯಾಗಿ ಬರೆಯುತ್ತಿದ್ದ ಮೂರನೆಯ ಪಿಯಾನೋ ಕನ್ಚೆರ್ಟೋದ ಕೊನೆಯ ಹದಿನೇಳು ಅಳತೆಗಳ ವಾದ್ಯ ಜೋಡಣೆ ಬಾಕಿ ಇರುವಾಗಲೇ, 1945ರ ಸೆಪ್ಟೆಂಬರ್ 26ರಂದು ಬಾರ್ಟೋಕ್ ರಕ್ತದ ಕ್ಯಾನ್ಸರಿನಿಂದ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ ಅರವತ್ತನಾಲ್ಕು ವರ್ಷ. ಉಳಿದ ಆ ಭಾಗವನ್ನು ಸ್ನೇಹಿತ ಟಿಬೋರ್ ಶೆರ್ಲಿ ಪೂರ್ತಿಗೊಳಿಸಿದರು. ಪರದೇಶದ ಮಣ್ಣಿನಲ್ಲಿ ಮಲಗಿದ್ದ ಅವರ ಅವಶೇಷಗಳನ್ನು 1988ರಲ್ಲಿ ಬುಡಾಪೆಸ್ಟ್‌ಗೆ ತಂದು ಗೌರವದಿಂದ ದಫನ ಮಾಡಲಾಯಿತು.

ವಿದ್ಯಾರ್ಥಿ ಮಿತ್ರರೇ, ಬಾರ್ಟೋಕ್ ಅವರ ಜೀವನದಿಂದ ನಾವು ಕಲಿಯಬೇಕಾದ ಪಾಠ ಸಂಗೀತಕ್ಕಷ್ಟೇ ಸೇರಿದ್ದಲ್ಲ. ಪದವಿ ಪಡೆದ ನಂತರವೂ ಸ್ವರಲಿಪಿ ಬಾರದ ಹುಡುಗಿಯ ಮುಂದೆ ವಿದ್ಯಾರ್ಥಿಯಾಗಿ ಕುಳಿತದ್ದೇ ಅವರ ದೊಡ್ಡತನ. ತನ್ನದನ್ನು ಪ್ರೀತಿಸಲು ಹೊರಟವರು ನೆರೆಯವರದನ್ನೂ ಪ್ರೀತಿಸಲು ಕಲಿತರು. ಅದಕ್ಕಾಗಿ ಬೈಗುಳ ಕೇಳಿದರು, ದೇಶ ಬಿಟ್ಟರು, ಆದರೆ ಕೇಳಿದ ಸತ್ಯವನ್ನು ಮರೆಮಾಚಲಿಲ್ಲ.

ಭಾರವಾದ ಯಂತ್ರ ಹೊತ್ತು ಅವರು ಹಳ್ಳಿಗಳಿಗೆ ಹೋಗಿದ್ದರು. ಅದಕ್ಕಿಂತ ಎಷ್ಟೋ ಪಾಲು ಉತ್ತಮವಾದ ಧ್ವನಿಮುದ್ರಣ ಯಂತ್ರ ಇಂದು ನಮ್ಮ ಜೇಬಿನಲ್ಲೇ ಇದೆ. ಅಜ್ಜಿ ತೊಟ್ಟಿಲು ತೂಗುತ್ತ ಹಾಡುವ ಜೋಗುಳ, ಮದುವೆ ಮನೆಯ ಪದ, ಊರಿನ ಮೊಹರಂ ಪದ ಹಾಡುವವರ ದನಿ ಇವೆಲ್ಲ ಎಷ್ಟು ದಿನ ಉಳಿದಾವು? ಈ ರಜೆಯಲ್ಲಿ ಮನೆಯ ಹಿರಿಯರ ಪಕ್ಕ ಹತ್ತು ನಿಮಿಷ ಕುಳಿತು ಒಂದು ಹಾಡು ಕೇಳಿ, ಒಪ್ಪಿದರೆ ಮುದ್ರಿಸಿಕೊಳ್ಳಿ. ಆಮೇಲೆ ಪಕ್ಕದ ಮನೆಯ ಅಜ್ಜಿಯ ಹಾಡನ್ನೂ ಕೇಳಿ. ಎರಡರ ನಡುವೆ ನಂಟೇನಾದರೂ ಇದೆಯೇ ಎಂದು ನೀವೇ ನೋಡಿ.